ಓದುಗ, ಬಳ್ಳಾರಿ

ಉಪ್ಪಿಟ್ಟಿಗೆ ಸಕ್ಕರೆ ಹಾಕಬಾರದೆಂಬ ವಿಷಯದಲ್ಲಿ ದಸ್ತಗೀರಸಾಬರಿಗೆ ಎರಡನೆಯ ಮಾತಿರಲಿಲ್ಲ. ಶಿವಮೊಗ್ಗ ಕಡೆಯ ಯಾರೋ ಒಬ್ಬ ತನ್ನ ಬ್ಲಾಗಿನಲ್ಲಿ, ಚಿಟಿಕೆ ಸಕ್ಕರೆ ಬೀಳದ ಉಪ್ಪಿಟ್ಟು ಉಪ್ಪಿಟ್ಟೇ ಅಲ್ಲ ಎಂದು ಬರೆದುಕೊಂಡಿದ್ದ. ಅದನ್ನು ಪೂರ್ತಿ ಓದುವ ಮೊದಲೇ ಅವರ ಹತ್ತೂ ಬೆರಳುಗಳು ಕೀಲಿಮಣೆಯ ಮೇಲೆ ತಮ್ಮ ತಮ್ಮ ಜಾಗ ಹಿಡಿದು ಕೂತುಬಿಟ್ಟಿದ್ದವು. "ಸ್ವಾಮಿ, ಸಿಹಿ ಬೇಕಾದವರು ಶಿರಾ ಮಾಡಿಕೊಳ್ಳಲಿ. ಉಪ್ಪಿಟ್ಟೆಂಬ ಹೆಸರಿನಲ್ಲಿಯೇ ಉಪ್ಪಿದೆ. ಅಂದಹಾಗೆ ನಾಲ್ಕನೆಯ ಸಾಲಿನಲ್ಲಿ 'ಸಾಸುವೆ' ಎಂದಿದೆ, 'ಸಾಸಿವೆ' ಎಂದಾಗಬೇಕು" ಎಂದು ಒಂದೇ ಉಸಿರಿಗೆ ಬಡಿದು, ಕೆಳಗೆ 'ಓದುಗ, ಬಳ್ಳಾರಿ' ಎಂದು ಸಹಿ ಹಾಕಿ, ಗುಂಡಿ ಒತ್ತಿ ಕುರ್ಚಿಗೆ ಒರಗಿದರು. ಎಲ್ಲೋ ಒಂದು ಊರಿನಲ್ಲಿ ಒಂದು ಮನೆಯ ಒಗ್ಗರಣೆ ಇವತ್ತಿನಿಂದ ದಾರಿಗೆ ಬಂತು ಎಂಬ ಸಮಾಧಾನ ಅವರ ಎದೆಯಲ್ಲಿ ಹರಡಿತು. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡಷ್ಟೇ ಸುಖ ಅದರಲ್ಲಿ. ಎಲೆ ಅಡಿಕೆಯನ್ನಾದರೂ ಡಾಕ್ಟರು ಬಿಡಿಸಿದ್ದರು.

ಕೌಲ್ ಬಜಾರಿನಲ್ಲಿ, ಸೈಕಲ್ ರಿಪೇರಿ ಅಂಗಡಿಯ ತಲೆಯ ಮೇಲಿದ್ದ ಅವರ ಟೈಪಿಂಗ್ ಶಾಲೆಯ ಕೋಣೆಯಲ್ಲಿ ಹನ್ನೆರಡು ಟೈಪ್‌ರೈಟರುಗಳಿದ್ದವು. ಅವುಗಳ ಮುಂದೆ ಕೂರುವವರು ಈಗ ಮೂವರೋ ನಾಲ್ವರೋ. ಅದಿರಿನ ಲಾರಿಗಳು ಊರನ್ನು ಹಗಲೂ ರಾತ್ರಿ ಸುತ್ತತೊಡಗಿದ ಮೇಲೆ ಬೆರಳು ಪಳಗಿಸಿಕೊಂಡು ಗುಮಾಸ್ತನಾಗುವ ಆಸೆ ಯಾರಿಗೂ ಉಳಿದಿರಲಿಲ್ಲ. ಜೂನಿಯರ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಎರ್ರಣ್ಣ ಈಗ ನಾಲ್ಕು ಲಾರಿಗಳ ಧಣಿ. ಕಳೆದ ತಿಂಗಳು ಮೆಟ್ಟಿಲೇರಿ ಬಂದವನು, "ಸರ್, ನಿಮ್ಮ ಮೆಷಿನ್ ನನ್ನ ಕೈ ಹಿಡೀಲಿಲ್ಲ, ಸ್ಟೀರಿಂಗ್ ಹಿಡೀತು ನೋಡ್ರಿ" ಎಂದು ನಕ್ಕು, ಪರ್ಮಿಟ್ಟಿನ ಅರ್ಜಿಗಳನ್ನು ಹೊಡೆಸಿಕೊಂಡು ಹೋಗಿದ್ದ. ಅಂಥ ಅರ್ಜಿಗಳಿಗೆಂದೇ ತಂದಿಟ್ಟ ಕಂಪ್ಯೂಟರು ಇದು. ಬೆಳಿಗ್ಗೆ ಒರೆಸಿದ ಕೆಂಪು ಧೂಳು ಮಧ್ಯಾಹ್ನಕ್ಕೆ ಮತ್ತೆ ಮೆಷಿನ್ನುಗಳ ಹೊದಿಕೆಯ ಮೇಲೆ ತೆಳ್ಳಗೆ ಕೂತಿರುತ್ತಿತ್ತು. ಎರಡರಿಂದ ನಾಲ್ಕರವರೆಗೆ ಯಾರೂ ಬರುತ್ತಿರಲಿಲ್ಲ. ಆ ಎರಡು ಗಂಟೆಗಳಲ್ಲಿ ದಸ್ತಗೀರಸಾಬರು ಕನ್ನಡ ನಾಡಿನ ಮನೆ ಮನೆಗಳಿಗೆ ಹೋಗಿ ಬರುತ್ತಿದ್ದರು. ಮೈಸೂರಿನ ಒಬ್ಬರು ಮಳೆಗಾಲದ ಕೊಡೆಯ ಬಗ್ಗೆ ಬರೆದರೆ, ಉದ್ದ ಕೋಲಿನ ಕೊಡೆಯೇ ಲೇಸು ಎನ್ನುವರು. ಹುಬ್ಬಳ್ಳಿಯ ಹುಡುಗಿಯೊಬ್ಬಳು ಬಸ್ ಕಂಡಕ್ಟರು ಚಿಲ್ಲರೆ ಕೊಡಲಿಲ್ಲವೆಂದು ಗೋಳಾಡಿದರೆ, ಕಂಡಕ್ಟರಿಗೂ ಹೆಂಡತಿ ಮಕ್ಕಳಿರುತ್ತಾರೆಂದು ನೆನಪಿಸುವರು. ಮಂಡಕ್ಕಿ ಒಗ್ಗರಣೆಯ ಜೊತೆ ಮಿರ್ಚಿ ಇರಲೇಬೇಕೋ ಬೇಡವೋ ಎಂಬ ಬಗ್ಗೆ ದಾವಣಗೆರೆಯವನೊಬ್ಬನ ಜೊತೆ ಹದಿನೇಳು ಕಾಮೆಂಟುಗಳಷ್ಟು ಉದ್ದದ ಯುದ್ಧ ನಡೆಸಿದ್ದರು; ಕೊನೆಗೆ ಆತನೇ ಕಾಮೆಂಟಿನ ಬಾಗಿಲು ಹಾಕಿಕೊಂಡಿದ್ದ.

"ಅಬ್ಬಾ, ನೀವು ಮಂದಿ ಮನಿಗೆ ಹೋಗಿ, ಅವರು ಕೊಟ್ಟ ಚಾ ಕುಡದು, ಕಪ್ಪಿನ ಕಿವಿ ಮುರದೈತಿ ಅಂತ ಹೇಳಿ ಬರ್ತೀರಿ" ಎಂದು ಮಗಳು ಗುಲ್ನಾಜ್ ಒಮ್ಮೆ ಅಂದಿದ್ದಳು. ಬಿ.ಕಾಂ. ಕೊನೆಯ ವರ್ಷದಲ್ಲಿದ್ದ ಅವಳೇ ಅವರಿಗೆ ಈ ಹಾದಿ ತೋರಿಸಿದವಳು.

"ಮುರದಿದ್ರ ಹೇಳಬ್ಯಾಡೇನು?"

"ನಿಮ್ಮದಽ ಒಂದು ಬ್ಲಾಗ್ ಮಾಡ್ರಿ ಹಂಗಾರ. ಅಲ್ಲೆ ಏನರ ಬರೀರಿ."

ಅವಳ ಮಾತಿಗೆ ಕಟ್ಟುಬಿದ್ದು ಅವರು ಒಂದು ಮಧ್ಯಾಹ್ನ ಖಾಲಿ ಪುಟದ ಮುಂದೆ ಕೂತದ್ದೂ ಉಂಟು. 'ನಾನು' ಎಂದು ಟೈಪು ಮಾಡಿದರು. ಕರ್ಸರು ಅದರ ಪಕ್ಕದಲ್ಲಿ ಮಿಟುಕುತ್ತ, ಹೂಂ ಮುಂದೆ ಹೇಳಿ, ಮುಂದೆ ಹೇಳಿ, ಎನ್ನುವಂತೆ ಕಾಯಿತು. ಮೂವತ್ತು ವರ್ಷ ಪರರ ಅರ್ಜಿ, ಪರರ ಕರಾರುಪತ್ರ, ಪರರ ಮದುವೆ ಕಾಗದಗಳನ್ನು ನಿಮಿಷಕ್ಕೆ ಅರವತ್ತು ಪದದಂತೆ ಹೊಡೆದ ಕೈಗಳು ಆ ಒಂದು ಪದದ ಮುಂದೆ ಮರಗಟ್ಟಿ ನಿಂತವು. ಮುಕ್ಕಾಲು ಗಂಟೆಯ ಮೇಲೆ ಅದನ್ನೂ ಅಳಿಸಿ, ಎದ್ದು ಹೋಗಿ ಮುಖ ತೊಳೆದುಕೊಂಡಿದ್ದರು. ಬೇರೆಯವರು ಒಂದು ಮಾತು ಆಡದ ಹೊರತು ತಮ್ಮ ಬಾಯಲ್ಲಿ ಮಾತು ಹುಟ್ಟುವುದಿಲ್ಲವೆಂಬ ಗುಟ್ಟು ಅವತ್ತು ಅವರಿಗೆ ತಿಳಿಯಿತು. ಅದನ್ನು ಅವರು ಗುಲ್ನಾಜಳಿಗೆ ಹೇಳಲಿಲ್ಲ. "ಟೈಮ್ ಇಲ್ಲಮ್ಮ" ಎಂದರು.

ಆ ಮಂಗಳವಾರ ಉಪ್ಪಿಟ್ಟಿನ ಕೆಲಸ ಮುಗಿದ ಮೇಲೆ ಅವರು ತಮಗೆ ಎಲ್ಲಕ್ಕಿಂತ ಇಷ್ಟವಾದ ಬ್ಲಾಗಿಗೆ ಹೋದರು. ಅದರ ಹೆಸರು 'ಮೂಟೆ ಮರೆಯ ಮಾತು'. ಬರೆಯುತ್ತಿದ್ದವಳು ತನ್ನನ್ನು 'ಸಿರುಗುಪ್ಪದಾಕೆ' ಎಂದಷ್ಟೇ ಕರೆದುಕೊಳ್ಳುತ್ತಿದ್ದಳು. ತವರು ಸಿರುಗುಪ್ಪ, ಕೊಟ್ಟ ಮನೆ ಕುರುಗೋಡು. ಗಂಡನಿಗೆ ಅಲ್ಲಿನ ಬಸ್ ನಿಲ್ದಾಣದ ಹತ್ತಿರ ಗೊಬ್ಬರದ ಅಂಗಡಿ. ಗಿರಾಕಿಗಳಿಲ್ಲದಾಗ ಮೂಟೆಗಳ ಹಿಂದಿನ ಕಂಪ್ಯೂಟರಿನಲ್ಲಿ ಬರೆಯುತ್ತಾಳೆ ಎಂಬಷ್ಟು ಓದುಗರಿಗೆ ಗೊತ್ತಿತ್ತು. ಹೊಳೆಗೆ ಹೊಸ ನೀರು ಬರುವುದು, ಅತ್ತೆಯ ಮೂಗುಬಟ್ಟು, ಯೂರಿಯಾ ಚೀಲದ ಮೇಲೆ ಮಲಗುವ ಬೆಕ್ಕು, ಇಂಥವನ್ನೇ ಬರೆಯುವಳು. ಓದುತ್ತ ದಸ್ತಗೀರಸಾಬರಿಗೆ ಯಾರೋ ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತ ಮಾತಾಡಿದಂತೆ ಆಗುತ್ತಿತ್ತು. ಆದರೆ ಅಕ್ಷರ! ಅಲ್ಪಪ್ರಾಣ ಇರಬೇಕಾದಲ್ಲಿ ಮಹಾಪ್ರಾಣ, ಮಹಾಪ್ರಾಣ ಇರಬೇಕಾದಲ್ಲಿ ಪ್ರಾಣವೇ ಇಲ್ಲ. ಇಷ್ಟು ಚೆಂದದ ಸೀರೆಗೆ ಇಷ್ಟೊಂದು ದಾರ ಜೋತುಬಿದ್ದಿದ್ದರೆ ಯಾರಿಗೆ ತಾನೇ ಕೈ ಹೋಗುವುದಿಲ್ಲ? ಬೆಕ್ಕಿನ ಲೇಖನಕ್ಕೆ ಅವರು, "ಒಟ್ಟು ಏಳು ತಪ್ಪುಗಳು. ಆದರೂ ಬರವಣಿಗೆ ಚೆನ್ನಾಗಿದೆ" ಎಂದು ಬರೆದಿದ್ದರು. ಆ 'ಆದರೂ' ತಮ್ಮ ಔದಾರ್ಯದ ಗುರುತೆಂದು ಅವರ ನಂಬಿಕೆ. ಅದಾದ ಮೇಲೆ ಮೂರು ವಾರ ಆಕೆ ಏನೂ ಬರೆದಿರಲಿಲ್ಲ. ಬಿತ್ತನೆಯ ಕಾಲ, ಅಂಗಡಿಯಲ್ಲಿ ಗದ್ದಲವಿರಬೇಕು ಎಂದುಕೊಂಡಿದ್ದರು.

ಈಗ ಹೊಸದೊಂದು ಬಂದಿತ್ತು. ಇಪ್ಪತ್ತು ವರ್ಷದ ಹಿಂದೆ ಆಕೆ ಬಳ್ಳಾರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಟೈಪಿಂಗ್ ಕಲಿಯಲು ಹೋದ ಕಥೆ. ಒಂದು ದಿನ ಪಾಠ ಬಿಟ್ಟು, ಕದ್ದು, ತನ್ನದೇ ನಾಲ್ಕು ಸಾಲು ಹೊಡೆದಳಂತೆ. ಮೇಷ್ಟ್ರು ಹಿಂದಿನಿಂದ ಬಂದು ಹಾಳೆ ಎಳೆದುಕೊಂಡು, ಎಲ್ಲರಿಗೂ ಕೇಳುವಂತೆ ಓದಿ, ಒಂದೊಂದು ತಪ್ಪಿಗೂ ನಿಲ್ಲಿಸಿ ನಿಲ್ಲಿಸಿ ಎಣಿಸಿದರಂತೆ. ಎಲ್ಲರೂ ನಕ್ಕರಂತೆ. ಮರುದಿನದಿಂದ ಅವಳು ಹೋಗಲಿಲ್ಲ. ಅಷ್ಟೇ ಅಲ್ಲ, ಆಮೇಲೆ ಎಷ್ಟೋ ವರ್ಷ ಕಾಗದದ ಮೇಲೆ ತನ್ನದೆಂಬ ಒಂದು ಸಾಲನ್ನೂ ಬರೆಯಲಿಲ್ಲ. ಇಲ್ಲಿಯವರೆಗೆ ಓದುವಷ್ಟರಲ್ಲಿ ದಸ್ತಗೀರಸಾಬರ ರಕ್ತ ಕುದಿಯಿತು. ಉಳಿದರ್ಧವನ್ನು ಆಮೇಲೆ ಓದಿದರಾಯಿತೆಂದು ಕಾಮೆಂಟಿನ ಚೌಕಕ್ಕೆ ಇಳಿದರು. "ಅಮ್ಮಾ, ಇಂಥವರು ಮೇಷ್ಟ್ರೇ ಅಲ್ಲ. ಒಂದು ಕೂಸಿನ ಮನಸ್ಸನ್ನು ನಾಲ್ವರ ಮುಂದೆ ಹರಾಜು ಹಾಕುವವನು ಕಟುಕನಿಗಿಂತ ಕಡೆ. ಇಂಥವರಿಂದಲೇ ನಮ್ಮ ವೃತ್ತಿಗೆ ಕೆಟ್ಟ ಹೆಸರು. ಅವರೆಲ್ಲಿದ್ದರೂ ನಾಚಿಕೊಳ್ಳಲಿ. ಅಂದಹಾಗೆ ಎರಡನೆಯ ಪ್ಯಾರಾದಲ್ಲಿ 'ಮೆಟ್ಟಲು' ಎಂದಿದೆ, 'ಮೆಟ್ಟಿಲು' ಎಂದಾಗಬೇಕು." ಸಹಿ. ಗುಂಡಿ.

ಆಮೇಲೆ ನಿಧಾನವಾಗಿ ಉಳಿದದ್ದನ್ನು ಓದಿದರು. ಮೆಟ್ಟಿಲು ಹತ್ತಿದರೆ ಎದುರಿಗೆ ಹಸಿರು ಬಾಗಿಲು. ಒಳಗೆ ಎರಡು ಸಾಲು ಮೆಷಿನ್ನು. ಕೀಲಿ ನೋಡಬಾರದೆಂದು ಕೈಗಳ ಮೇಲೆ ಹೊದಿಸುತ್ತಿದ್ದ ನೀಲಿ ಬಟ್ಟೆ. ತಪ್ಪಿದಲ್ಲಿ ಕೆಂಪು ಪೆನ್ಸಿಲಿನ ಸುತ್ತು. ದಸ್ತಗೀರಸಾಬರು ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಕಳೆದ ರಮ್ಜಾನಿನಲ್ಲಿ ಅದಕ್ಕೆ ಬೂದು ಬಣ್ಣ ಹೊಡೆಸಿದ್ದರು. ಚಿಲಕದ ಸುತ್ತ ಸವೆದಲ್ಲಿ ಹಳೆಯ ಹಸಿರು ಇಣುಕುತ್ತಿತ್ತು. ಮೊದಲ ಸಾಲಿನ ಮೆಷಿನ್ನಿನ ಮೇಲೆ ನೀಲಿ ಬಟ್ಟೆಯೊಂದು ಮಡಚಿ ಬಿದ್ದಿತ್ತು. ಮೇಜಿನ ಡಬ್ಬಿಯಲ್ಲಿ ಕೆಂಪು ಪೆನ್ಸಿಲು ತುದಿ ಮೇಲೆ ಮಾಡಿಕೊಂಡು ನಿಂತಿತ್ತು. ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಟ್ಯೂಬಿಗೆ ಗಾಳಿ ತುಂಬುತ್ತಿದ್ದರು. ಪುಸ್, ಪುಸ್, ಪುಸ್ ಎಂಬ ಆ ಸದ್ದು ತಮ್ಮ ಎದೆಯಿಂದಲೇ ಬರುತ್ತಿದೆಯೇನೋ ಎಂದು ಅವರಿಗೆ ಒಂದು ಕ್ಷಣ ಅನ್ನಿಸಿತು. ಕಟುಕನಿಗಿಂತ ಕಡೆ. ಅವರೆಲ್ಲಿದ್ದರೂ ನಾಚಿಕೊಳ್ಳಲಿ.

ಸಂಜೆ ಮನೆಗೆ ಹೋದವರು ಚಪ್ಪಲಿ ಬಿಡುತ್ತಲೇ ಮಗಳನ್ನು ಕೇಳಿದರು: "ಒಮ್ಮಿ ಹಾಕಿದ ಕಾಮೆಂಟ್ ವಾಪಸ್ ತಗಳ್ಳಾಕ ಬರ್ತೈತೇನಮ್ಮ?"

"ಹೆಸರು ಹಚ್ಚಿ ಲಾಗಿನ್ ಆಗಿ ಹಾಕಿದ್ರ ಬರ್ತೈತಿ. ನೀವು ಬರೇ ಸಹಿ ಮಾಡ್ತೀರಿ. ಹೋತು ಅಂದ್ರ ಹೋತು. ಯಾಕಬ್ಬಾ, ಏನ್ ಬರದ್ರಿ?"

"ಏನಿಲ್ಲ. ಒಂದು ಕಾಗುಣಿತ."

ಮರುದಿನ ಮಧ್ಯಾಹ್ನ ನೋಡಿದರೆ ಅವರ ಕಾಮೆಂಟಿನ ಕೆಳಗೆ ಹನ್ನೊಂದು ಜನ ಸಾಲುಗಟ್ಟಿದ್ದರು. 'ಓದುಗ ಬಳ್ಳಾರಿ ಅವರ ಮಾತು ನೂರಕ್ಕೆ ನೂರು ನಿಜ' ಎಂದು ಒಬ್ಬರು. ಇನ್ನೊಬ್ಬರು ಆ ಮೇಷ್ಟ್ರಿಗೆ ಅದೇ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳಲು ಹೇಳಿದ್ದರು. ಇಷ್ಟು ವರ್ಷದಲ್ಲಿ ಅವರ ಅಭಿಪ್ರಾಯವನ್ನು ಇಷ್ಟು ಜನ ಒಪ್ಪಿದ್ದು ಇದೇ ಮೊದಲು. ಖುಷಿಪಡಬೇಕಾದ ಹೊತ್ತಿನಲ್ಲಿ ಹಣೆ ಬೆವರಿತು. ಸ್ವಲ್ಪ ಹೊತ್ತು ಕೂತು ಯೋಚಿಸಿ, ಈ ಸಲ ಸಹಿಯಿಲ್ಲದೆ 'ಅನಾಮಿಕ' ಎಂಬ ಹೆಸರಿನಲ್ಲಿ ಬರೆದರು: "ಆ ಕಾಲದ ಶಿಸ್ತೇ ಹಾಗಿತ್ತು. ಆ ಮೇಷ್ಟ್ರ ಕೈಯಲ್ಲಿ ಕಲಿತು ಎಷ್ಟೋ ಮಂದಿ ಕೋರ್ಟು ಕಚೇರಿಗಳಲ್ಲಿ ಅನ್ನ ಕಂಡಿದ್ದಾರೆ. ಒಂದೇ ಕಡೆಯ ಮಾತು ಕೇಳಿ ತೀರ್ಪು ಕೊಡಬಾರದು." ಹತ್ತು ನಿಮಿಷವಾಗಿರಲಿಲ್ಲ, ಧಾರವಾಡದವನೊಬ್ಬ ಬಂದು, "ಅನಾಮಿಕರೇ, ಆ ಮೇಷ್ಟ್ರು ನೀವೇ ಇರಬೇಕು" ಎಂದು ಬರೆದು ಪಕ್ಕದಲ್ಲಿ ಒಂದು ನಗುವ ಮುಖ ಅಂಟಿಸಿಹೋದ. ಎರಡು ಚುಕ್ಕೆ, ಒಂದು ಕಂಸ. ಮೂವತ್ತು ವರ್ಷ ತಾವು ಬಡಿದ ಅವೇ ಚಿಹ್ನೆಗಳು ಒಟ್ಟಾಗಿ ತಮ್ಮನ್ನೇ ನೋಡಿ ಹಲ್ಲು ಕಿರಿಯುತ್ತವೆಂದು ಅವರು ಯಾವತ್ತೂ ಎಣಿಸಿರಲಿಲ್ಲ.

ಕಷ್ಟವೆಂದರೆ ಅವರಿಗೆ ಆ ಹುಡುಗಿಯ ನೆನಪೇ ಇರಲಿಲ್ಲ. ಮೆಷಿನ್ನುಗಳೆಲ್ಲ ನೆನಪಿದ್ದವು. ಯಾವುದರಲ್ಲಿ ಒತ್ತಕ್ಷರ ಸಿಕ್ಕಿಕೊಳ್ಳುತ್ತಿತ್ತು, ಯಾವುದರ ಗಂಟೆ ಬಾರಿಸುತ್ತಿರಲಿಲ್ಲ, ಎಲ್ಲ. ಅವುಗಳ ಮುಂದೆ ಕೂತವರ ಮುಖಗಳು ಮಾತ್ರ ಹಳೆಯ ಕಾರ್ಬನ್ ಹಾಳೆಯ ಮೇಲಿನ ಅಕ್ಷರಗಳಂತೆ ಒಂದರ ಮೇಲೊಂದು ಬಿದ್ದು ಕಲಸಿಹೋಗಿದ್ದವು. ಎರಡು ದಿನ ಕೆದಕಿದರು. ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಕೆದಕಿದರು. ಎರ್ರಣ್ಣನ ಅರ್ಜಿಯಲ್ಲಿ ಕುಡತಿನಿ ಎಂದು ಹೊಡೆಯಬೇಕಾದಲ್ಲಿ ಸಿರುಗುಪ್ಪ ಎಂದು ಹೊಡೆದು, ಮೂವತ್ತು ವರ್ಷದಲ್ಲಿ ಮೊದಲ ಸಲ ಒಂದು ಹಾಳೆ ಹರಿದು ಹಾಕಿದರು. ಗುರುವಾರ, ಸಲೂನಿನಲ್ಲಿ ಗಡ್ಡ ಕೆರೆಸಿಕೊಳ್ಳಲು ಕಣ್ಣು ಮುಚ್ಚಿ ಕೂತಾಗ, ಬಾಗಿಲು ತಟ್ಟದೆ ಬರುವ ನೆಂಟರಂತೆ ಅವಳು ಬಂದಳು. ಎಡಗೈಯ ಕಿರುಬೆರಳಿಗೆ ಬಟ್ಟೆಚೂರು ಸುತ್ತಿಕೊಂಡ ತೆಳ್ಳನೆಯ ಹುಡುಗಿ. ಆರನೆಯ ಮೆಷಿನ್ನು. ಸಿರುಗುಪ್ಪ ಕಡೆಯ ಬಸ್ಸಿಗೆ ಬರುತ್ತಿದ್ದಳು. ಹೆಸರು ಉಚ್ಚೆಂಗೆಮ್ಮ. ಅವಳ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಾವು ಅಂದದ್ದು ಅಕ್ಷರಶಃ ಕಿವಿಯಲ್ಲಿ ಮೊಳಗಿತು: "ಹನ್ನೊಂದು ತಪ್ಪು. ಉಚ್ಚೆಂಗೆಮ್ಮಾ, ನಿಮ್ಮ ಎಮ್ಮಿನ್ನ ಕಳಸು, ಇದಕ್ಕಿಂತ ಚಲೋ ಹೊಡೀತೈತಿ." ಹೋ ಎಂದು ನಗು. ಮೊದಲು ನಕ್ಕವರು ತಾವೇ. ಹುಡುಗಿ ಹಾಳೆಯನ್ನು ವಾಪಸು ಇಸಿದುಕೊಂಡು, ಎರಡಾಗಿ, ನಾಲ್ಕಾಗಿ, ಎಂಟಾಗಿ, ಇನ್ನು ಮಡಚಲು ಬಾರದಷ್ಟು ಸಣ್ಣದಾಗಿ ಮಡಚಿ ಮುಷ್ಟಿಯಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು. ಆ ಹಾಳೆಯಲ್ಲಿ ಏನು ಬರೆದಿತ್ತು? ದಸ್ತಗೀರಸಾಬರು ಎಷ್ಟು ತಿಣುಕಿದರೂ ಅದು ಹೊಳೆಯಲಿಲ್ಲ. ತಪ್ಪು ಹನ್ನೊಂದಿದ್ದವೆಂಬುದು ಮಾತ್ರ ಗೊತ್ತಿತ್ತು. "ಸಾಬ್ರೇ, ಅಲುಗಾಡಬ್ಯಾಡ್ರಿ, ಕತ್ತಿ ಐತಿ ಕೈಯಾಗ" ಎಂದ ಕ್ಷೌರಿಕ.

ಶನಿವಾರ ರಾತ್ರಿಯ ಊಟದ ಹೊತ್ತಿಗೆ ಅವರು ಹೆಂಡತಿಗೆ ಸುಮ್ಮನೆ ಎಂಬಂತೆ ಹೇಳಿದರು: "ನಾಳೆ ಕುರುಗೋಡಿಗೆ ಹೋಗಿ ಬರ್ತೀನಿ."

"ಏನೈತ್ರಿ ಅಲ್ಲೆ?" ಎಂದರು ರಹೀಮಾಬೀ.

"ಒಬ್ಬರ ಹತ್ರ ಮಾಫಿ ಕೇಳೋದೈತಿ."

ರಹೀಮಾಬೀ ಸಾರಿನ ಸೌಟನ್ನು ಗಾಳಿಯಲ್ಲೇ ಹಿಡಿದು ಗಂಡನ ಮುಖ ನೋಡಿದರು. "ಮೂವತ್ತೆರಡು ವರ್ಷ ಆತು ನಿಮ್ಮ ಮನಿಗೆ ಬಂದು. ನಾ ಅಂತೂ ಒಮ್ಮಿನೂ ಕೇಳಿಲ್ಲ ಆ ಮಾತು. ಹೋಗಿ ಬರ್ರಿ. ರೂಢಿ ಆದ್ರ ಮನಿಗೂ ಒಂದಿಷ್ಟು ತರ್ರಿ."

ಭಾನುವಾರದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಎದುರಿನಿಂದ ಬರುವ ಅದಿರಿನ ಲಾರಿಗಳು ಒಂದೊಂದೂ ಮುಖಕ್ಕೆ ಕೆಂಪು ಎರಚಿ ಹೋಗುತ್ತಿದ್ದವು. ಬಿಳಿಯ ಅಂಗಿ ಹಾಕಿಕೊಂಡು ಹೊರಟದ್ದು ಎಂಥ ದಡ್ಡತನವೆಂದು ಅವರಿಗೆ ಊರು ದಾಟುವ ಮೊದಲೇ ಗೊತ್ತಾಯಿತು. ದಾರಿಯುದ್ದಕ್ಕೂ ಅವರು ವಾಕ್ಯ ಜೋಡಿಸಿದರು. 'ಉಚ್ಚೆಂಗೆಮ್ಮಾ, ನಾನು ನಿನ್ನ ಟೈಪಿಂಗ್ ಮೇಷ್ಟ್ರು.' ನಿನ್ನ ಅನ್ನುವುದೋ, ನಿಮ್ಮ ಅನ್ನುವುದೋ? ಆಗ ಹುಡುಗಿ, ಈಗ ಗೃಹಿಣಿ. 'ಅವತ್ತು ನಡೆದದ್ದಕ್ಕೆ ವಿಷಾದವಿದೆ.' ಇದು ಸರ್ಕಾರಿ ಪತ್ರದಂತಾಯಿತು. 'ತಪ್ಪಾಯ್ತು.' ಇದು ಬಸ್ಸಿನಲ್ಲಿ ಕಾಲು ತುಳಿದವರು ಅನ್ನುವ ಮಾತು. ಒಂದು ಕಡೆಯಿಂದ, ಆಕೆ ಅಂಗಡಿಯಲ್ಲಿರದಿದ್ದರೆ ಎಷ್ಟು ಚೆನ್ನ ಎಂದೂ ಅನ್ನಿಸುತ್ತಿತ್ತು. ಇನ್ನೊಂದು ಕಡೆಯಿಂದ, ಆಕೆ ಕಣ್ಣೀರು ಹಾಕಿ, ಸರ್ ನೀವು ಇಷ್ಟು ದೂರ ಬಂದಿರಾ ಎಂದು ಕಾಲಿಗೆ ಬೀಳುವುದೂ, ತಾವು ಬೇಡಮ್ಮ ಎಂದು ಹಿಂದೆ ಸರಿಯುವುದೂ, ಆಮೇಲೆ ಅದನ್ನೇ ಆಕೆ ಬ್ಲಾಗಿನಲ್ಲಿ ಬರೆಯುವುದೂ, ಕೆಳಗೆ ನಲವತ್ತು ಕಾಮೆಂಟುಗಳು ಬೀಳುವುದೂ ಕಣ್ಣ ಮುಂದೆ ಬಂದವು. ಅದರಲ್ಲಿ ಒಂದನ್ನು ಧಾರವಾಡದವನು ನಾಚಿಕೊಂಡು ಬರೆದಿದ್ದ. ತಮ್ಮ ಪಶ್ಚಾತ್ತಾಪಕ್ಕೂ ತಾವೇ ಕಾಮೆಂಟು ಹಾಕಿಕೊಳ್ಳುತ್ತಿದ್ದೇವೆಂದು ಹೊಳೆದು ದಸ್ತಗೀರಸಾಬರು ಕಿಟಕಿಯ ಕಡೆ ಮುಖ ತಿರುಗಿಸಿದರು. ಕುರುಗೋಡಿನ ಬೆಟ್ಟ ಬಂಡೆ ಬಂಡೆಯಾಗಿ ಹತ್ತಿರ ಬರುತ್ತಿತ್ತು.

ನಿಲ್ದಾಣದ ಹತ್ತಿರ ಗೊಬ್ಬರದ ಅಂಗಡಿಗಳು ಮೂರಿದ್ದವು. ಕಂಪ್ಯೂಟರು ಇದ್ದದ್ದು ಒಂದರಲ್ಲಿ. ಮೂಟೆಗಳ ಸಾಲಿನ ಹಿಂದೆ, ಕನ್ನಡಕ ಹಾಕಿಕೊಂಡ ನಲವತ್ತರ ಹತ್ತಿರದ ಹೆಂಗಸೊಬ್ಬಳು ಎರಡೇ ಎರಡು ತೋರುಬೆರಳುಗಳಿಂದ ಒಂದೊಂದು ಅಕ್ಷರವನ್ನೂ ಹುಡುಕಿ, ಹಿಡಿದು, ಕುಟ್ಟುತ್ತಿದ್ದಳು. ಮುಂದೆ ಬಿಲ್ಲಿಗಾಗಿ ಕಾಯುತ್ತಿದ್ದ ಮುದುಕ ರೈತ, "ತಾಯಿ, ನಿನ್ನ ಬಿಲ್ ಬರೋದ್ರಾಗ ನನ್ನ ಭತ್ತ ತೆನಿ ಬಿಡ್ತೈತಿ" ಎಂದ.

"ಕುಂದ್ರು ಗಾದಿಲಿಂಗಪ್ಪಜ್ಜ, ತೆನಿ ಬಿಟ್ಟ ಮ್ಯಾಲ ರೊಕ್ಕ ಕೊಡಾಂವ ನೀನು" ಎಂದಳು ಆಕೆ, ಕೀಲಿಗಳಿಂದ ಕಣ್ಣು ತೆಗೆಯದೆ. ದಸ್ತಗೀರಸಾಬರಿಗೆ ಬೆರಳುಗಳು ತುರಿಸಿದವು. ಎಂಟು ಬೆರಳುಗಳು ಹೀಗೆ ನಿರುದ್ಯೋಗಿಗಳಾಗಿ ಬಿದ್ದಿರುವುದನ್ನು ನೋಡುವುದು ಅವರಿಗೆ ಹಿಂಸೆ. ಅದಕ್ಕೆ ಕಾರಣ ತಾವೇ ಎಂದು ನೆನಪಾಗಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ನಿಮಗೇನು ಬೇಕ್ರಿ?"

ಬಸ್ಸಿನಲ್ಲಿ ಜೋಡಿಸಿದ ವಾಕ್ಯಗಳು ಒಂದೂ ಉಳಿದಿರಲಿಲ್ಲ. "ಯೂರಿಯಾ" ಎಂದರು.

"ಎಷ್ಟು ಎಕರೆಕ್ಕರಿ?"

"ಕುಂಡ ಅದಾವ್ರಿ. ಎರಡು. ಗುಲಾಬಿ."

ಗಾದಿಲಿಂಗಪ್ಪ ತಿರುಗಿ ಕೂತು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಕೆ ನಗು ತಡೆದುಕೊಂಡು, "ಎರಡು ಕುಂಡಕ್ಕ ಮೂಟಿ ಹಾಕಿದ್ರ ಗಿಡ ಸುಟ್ಟಽ ಹೋಗ್ತಾವ್ರಿ. ಎಲ್ಲಿಂದ ಬಂದೀರಿ?" ಎಂದಳು.

"ಬಳ್ಳಾರಿ. ಕೌಲ್ ಬಜಾರ." ಒಮ್ಮೆ ಕೆಮ್ಮಿದರು. "ಯೂರಿಯಾಕ್ಕ ಬಂದಿಲ್ರಿ ನಾನು. ನಾ ಟೈಪಿಂಗ್ ಮೇಷ್ಟ್ರು. ನಿಮ್ಮ ಲೇಖನ ಓದಿದೆ. ಅದರಾಗಿನ ಮೇಷ್ಟ್ರು... ನಾನಽ. ಉಚ್ಚೆಂಗೆಮ್ಮಾ, ಅವತ್ತು ನಾ ಹಂಗ ಮಾಡಬಾರದಿತ್ತು."

ಆಕೆ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಅವರನ್ನು ನೋಡಿದಳು. "ನೀವು ಅಲ್ರಿ" ಎಂದಳು.

"ಅಂದ್ರ?"

"ನನ್ನ ಹೆಸರು ನೀಲಾವತಿ. ನಾ ಕಲತದ್ದು ಕೌಲ್ ಬಜಾರದಾಗಲ್ಲ, ಬ್ರೂಸ್‌ಪೇಟಿಯಾಗ. ನಮ್ಮ ಸರ್ ಇಷ್ಟೆತ್ತರ ಇದ್ರು, ತೆಲುಗು ಮಂದಿ. ತೀರಿಕೊಂಡು ಆರು ವರ್ಷ ಆತು ಪಾಪ."

"ನೀಲಿ ಬಟ್ಟಿ?"

"ಎಲ್ಲಾರೂ ಮುಚ್ಚತಿದ್ರಲ್ರಿ ಆಗ."

"ಹಸರು ಬಾಗಲಾ?"

"ಬಾಗಲಾ ಹೆಚ್ಚಾಗಿ ಹಸರಽ ಇರ್ತಾವ್ರಿ" ಎಂದು ಗಾದಿಲಿಂಗಪ್ಪ ನಡುವೆ ಬಾಯಿ ಹಾಕಿದ.

ಹಗುರಾಗಬೇಕಿತ್ತು. ಐದು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ತಮ್ಮದಲ್ಲವೆಂದು ಗೊತ್ತಾದ ಮೇಲೆ ಯಾರಿಗಾದರೂ ಹಗುರಾಗಬೇಕು. ಆದರೆ ದಸ್ತಗೀರಸಾಬರಿಗೆ, ಹೂವಿನ ಹಾರ ಹಿಡಿದುಕೊಂಡು ತಪ್ಪು ಮನೆಯ ಮದುವೆಗೆ ಹೋದವರಂತೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಈಕೆ ಇಲ್ಲಿ ನಗುತ್ತ ನಿಂತಿದ್ದಾಳೆ. ಹಾಗಾದರೆ ಹಾಳೆಯನ್ನು ಎಂಟಾಗಿ ಮಡಚಿಕೊಂಡು ಇಳಿದುಹೋದವಳು ಎಲ್ಲಿ? ಯಾವ ಊರಲ್ಲಿ, ಯಾರ ಮನೆಯಲ್ಲಿ? ಅವಳು ಎಲ್ಲೂ ಏನೂ ಬರೆದಿರಲಾರಳು. ಬರೆಯದವರ ಕೆಳಗೆ ಹೋಗಿ ಏನೆಂದು ಬರೆಯುವುದು?

"ಕುಂದರ್ರಿ, ಬಿಸಲಾಗ ಬಂದೀರಿ" ಎಂದು ನೀಲಾವತಿ ಸ್ಟೂಲು ಸರಿಸಿದಳು. ಅವಳ ದನಿಯಲ್ಲಿ ಈಗ ಬೇರೆಯೇ ಒಂದು ಹಿಗ್ಗು. "ನನ್ನ ಬ್ಲಾಗ್ ಓದಿ ಬಳ್ಳಾರಿಯಿಂದ ಬಂದೀರಿ ಅಂದ್ರ! ನಮ್ಮನಿಯವ್ರು ಸಿರುಗುಪ್ಪಕ್ಕ ಹೋಗ್ಯಾರ, ಇದ್ದಿದ್ರ ತೋರಿಸ್ತಿದ್ದೆ, ನೋಡು ನನ್ನೂ ಓದಾವ್ರು ಅದಾರ ಅಂತ. ಕಾಮೆಂಟ್ ಏನರ ಹಾಕೀರೇನ್ರಿ? ಏನಂತ ಹಾಕ್ತೀರಿ ಹೆಸರು?"

ಇಷ್ಟು ಹೊತ್ತಿನ ಅವಮಾನದ ನಡುವೆ ಒಂದು ಗೌರವದ ಕುರ್ಚಿ ಸಿಕ್ಕಿದಂತಾಗಿ ದಸ್ತಗೀರಸಾಬರು ಬೆನ್ನು ನೆಟ್ಟಗೆ ಮಾಡಿಕೊಂಡರು. "ಓದುಗ, ಬಳ್ಳಾರಿ" ಎಂದರು.

ನೀಲಾವತಿಯ ಮುಖದ ಮೇಲಿನ ನಗು ಹಾಗೇ ಇತ್ತು, ಆದರೆ ಒಳಗಿನ ದೀಪ ಯಾರೋ ಆರಿಸಿದ್ದರು. "ನೀವೇನ್ರಿ ಅದು" ಎಂದಳು ನಿಧಾನವಾಗಿ. ಆಮೇಲೆ ಮೂಟೆಯೊಂದಕ್ಕೆ ಒರಗಿ ನಿಂತು, ಅವರನ್ನು ನೋಡದೆ, ಬೆರಳಿಂದ ಚೀಲದ ಹೊಲಿಗೆ ಕೀಳುತ್ತ ಮಾತಾಡಿದಳು. "ಬೆಕ್ಕಿನ ಬಗ್ಗೆ ಬರದಿದ್ದೆ. ಏಳು ತಪ್ಪು ಅಂತ ಹಾಕಿದ್ರಿ. ಮೂರು ವಾರ ಕುಂತು ಕುಂತು ಎದ್ದು ಹೋದ್ನಿ. ಬರೀತಿದ್ದೆ, ಅಳಸ್ತಿದ್ದೆ. ಇದು 'ಳ'ನೋ 'ಲ'ನೋ, ಅವರು ಬರ್ತಾರ, ಎಣಸ್ತಾರ ಅಂತ. ಮಟಮಟ ಮಧ್ಯಾನದಾಗ ಅಂಗಡ್ಯಾಗ ಒಬ್ಬಾಕಿನಽ ಕುಂತು ಅತ್ತೀನ್ರಿ, ಈ ಅಜ್ಜ ನೋಡ್ಯಾನ, ಕೇಳ್ರಿ. ಅವಾಗಽ ನೋಡ್ರಿ ನಮ್ಮ ಸರ್ ನೆನಪಾದದ್ದು. ಇಪ್ಪತ್ತು ವರ್ಷ ಆತು, ಮರತಽ ಬಿಟ್ಟಿದ್ದೆ ಅವರ್ನ. ನೀವು ಎಣಸಿದ್ರಿ, ಅವರು ಎದ್ದು ಬಂದ್ರು. ಆ ಲೇಖನಾನೂ ನಿಮಗ ಹೆದರಿಕೊಂತನಽ ಬರದದ್ದು. ಅದಕ್ಕೂ ಬಂದ್ರಿ, ಅವರ್ನ ಬೈದು ಕಟುಕ ಅಂದ್ರಿ, ಓದಿ ಖುಷಿ ಆತು. ಕಡೀಕ ಮತ್ತ 'ಮೆಟ್ಟಿಲು' ಅಂದ್ರಿ."

ದಸ್ತಗೀರಸಾಬರು ಕೆಂಪಾದ ತಮ್ಮ ಬಿಳಿ ಅಂಗಿಯ ತೋಳನ್ನು ನೋಡುತ್ತ ಕೂತರು. ಇಪ್ಪತ್ತು ವರ್ಷದ ಹಿಂದಿನ ಗುನ್ನೆಗೆ ಶರಣಾಗಲು ಬಂದವರಿಗೆ ಹೋದ ತಿಂಗಳಿನದು ಎದುರಾಗಿತ್ತು. ಅದಕ್ಕೆ ಸತ್ತ ಮೇಷ್ಟ್ರನ್ನು ತೋರಿಸಲು ಬಾರದು. ಆ ಕಾಲದ ಶಿಸ್ತೆನ್ನಲೂ ಬಾರದು. ಇಲ್ಲಿ ಅನಾಮಿಕರಾಗಲೂ ಜಾಗವಿರಲಿಲ್ಲ, ಇದ್ದದ್ದು ಒಂದು ಸ್ಟೂಲು. ಯಾವ ಪೀಠಿಕೆಯೂ ಇಲ್ಲದೆ, ಬಸ್ಸಿನಲ್ಲಿ ಕಾಲು ತುಳಿದವರ ಮಾತೇ ಬಾಯಿಂದ ಬಂತು: "ತಪ್ಪಾತ್ರಿ."

ನೀಲಾವತಿ ತಲೆಯೆತ್ತಿದಳು. ಕಣ್ಣಿನಂಚು ಒದ್ದೆಯಾಗಿತ್ತು, ಅದರ ಕೆಳಗೆ ಎಲ್ಲೋ ತುಂಟತನವೊಂದು ಕದಲಿತು. "ಎಷ್ಟು ತಪ್ಪು? ಎಣಿಸೀರೇನ್ರಿ?"

ಗಾದಿಲಿಂಗಪ್ಪ ಮೊದಲು ನಕ್ಕ. ಆಮೇಲೆ ಆಕೆ. ದಸ್ತಗೀರಸಾಬರು ನಗಬೇಕೋ ಬೇಡವೋ ಎಂದು ನೋಡುತ್ತಿರುವಾಗಲೇ ಅವರ ಬಾಯಿ ಅವರನ್ನು ಕೇಳದೆ ತೆರೆದುಕೊಂಡಿತು. ನಾಲ್ವರ ಮುಂದೆ ತಾನೇ ನಗೆಗೀಡಾದಾಗ ಕಿವಿಯ ತುದಿ ಹೀಗೆ ಬಿಸಿಯಾಗುತ್ತದೆಂಬುದು ಅವರಿಗೆ ಗೊತ್ತಿರಲಿಲ್ಲ.

ಎದುರಿನ ಹೋಟೆಲಿನಿಂದ ಚಹಾ ಬಂತು. ಬಿಲ್ಲು ಮುಗಿದರೂ ಗಾದಿಲಿಂಗಪ್ಪ ಎದ್ದುಹೋಗಲಿಲ್ಲ. ನೀಲಾವತಿ ಚಹಾ ಮುಗಿಸಿ, ಪರದೆಯತ್ತ ತಿರುಗಿ, "ಹೊಸಾದೊಂದು ಅರ್ಧಾ ಬರದಿಟ್ಟೀನ್ರಿ. ಹಾಕಾಕ ಧೈರ್ಯ ಇಲ್ಲ" ಎಂದಳು. ದಸ್ತಗೀರಸಾಬರು ಅಭ್ಯಾಸಬಲದಿಂದ ಕನ್ನಡಕಕ್ಕೆ ಕೈ ಹಾಕಿ ಕತ್ತು ಮುಂದೆ ಚಾಚಿದರು. ಆಕೆ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ಊಹೂಂ. ನೋಡಾಂಗಿಲ್ಲ. ನಾ ಓದ್ತೀನಿ, ನೀವು ಕೇಳ್ರಿ."

ಅವಳು ಓದಿದಳು. ಸಿರುಗುಪ್ಪದಲ್ಲಿ ಅವಳ ತಾಯಿ ಗಡಿಯಾರ ನೋಡುವವಳಲ್ಲ. ಹಿತ್ತಲ ಆಚೆಗಿನ ಅಕ್ಕಿ ಗಿರಣಿಯ ಸೈರನ್ನು ಕೂಗಿದರೆ ಏಳುವುದು, ಕೂಗಿದರೆ ಉಣ್ಣುವುದು. ಗಿರಣಿಯ ಹಮಾಲಿಗಳೆಲ್ಲ ಒಬ್ಬೊಬ್ಬರಾಗಿ ಅದಿರು ತುಂಬಲು ಹೊರಟುಹೋದರು. ಒಂದು ಸೋಮವಾರ ಸೈರನ್ನು ಕೂಗಲಿಲ್ಲ. ತಾಯಿ ರೊಟ್ಟಿ ಬಡಿದಿಟ್ಟು, ಪಲ್ಯ ಮುಚ್ಚಿಟ್ಟು, ಬಾಗಿಲಲ್ಲಿ ಕೂತಳು. ನೆರಳು ಹೊಸ್ತಿಲು ದಾಟಿ ಒಳಗೆ ಬಂತು. ಪಕ್ಕದ ಮನೆಯವರು ಉಂಡು ಕೈ ತೊಳೆದ ನೀರನ್ನು ಬೀದಿಗೆ ಎಸೆದರು. ಹಸಿವಾಗಿಲ್ಲವೇ ಎಂದು ಕೇಳಿದರೆ, 'ಹಸಿವಾಗೈತಿ, ಆದರ ಹೊತ್ತಾಗಿಲ್ಲಲ್ಲಮ್ಮಾ' ಎಂದಳು. ನೀಲಾವತಿಯ ದನಿಯಲ್ಲಿ ಅಕ್ಷರಗಳಿಗೆ ಬಾಲವಿರಲಿಲ್ಲ, ಕೊಂಬಿರಲಿಲ್ಲ. ದಸ್ತಗೀರಸಾಬರಿಗೆ ಹಿಡಿಯಲು ಏನೂ ಸಿಗಲಿಲ್ಲ. ಮೊದಲೆರಡು ಸಾಲಿಗೆ ಅವರು ಹುಡುಕಿದರು; ಆಮೇಲೆ ಮರೆತರು. ಅವರಿಗೆ ಕಂಡದ್ದು ಬಾಗಿಲಲ್ಲಿ ಕೂತ ಒಬ್ಬ ಮುದುಕಿ, ಮುಚ್ಚಿಟ್ಟ ಪಾತ್ರೆ, ಒಳಗೆ ಬರುತ್ತಿರುವ ನೆರಳು.

ಓದು ನಿಂತಿತು. "ಇಷ್ಟಽ ಆಗೈತಿ" ಎಂದು ನೀಲಾವತಿ ಕನ್ನಡಕದ ಮೇಲಿನಿಂದ ನೋಡಿದಳು. "ಹೆಂಗೈತ್ರಿ?"

ಉಪ್ಪಿಟ್ಟಿನ ಬಗ್ಗೆ, ಕೊಡೆಯ ಬಗ್ಗೆ, ಕಂಡಕ್ಟರುಗಳ ಬಗ್ಗೆ, ಈ ನಾಡಿನಲ್ಲಿ ಯಾರು ಏನು ಬರೆದರೂ ಅದರ ಬಗ್ಗೆ ಅಭಿಪ್ರಾಯವಿದ್ದ ದಸ್ತಗೀರಸಾಬರು ಬಾಯಿ ತೆರೆದರು. ಒಳಗೆ ಅಭಿಪ್ರಾಯವೆಂಬುದು ಒಂದೂ ಇರಲಿಲ್ಲ. ಅವರು ಸ್ಟೂಲನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಂಡರು.

"ಮುಂದ?" ಎಂದರು. "ನಿಮ್ಮವ್ವ ಉಂಡ್ರೋ ಇಲ್ಲೋ?"